ಅಕ್ಕಿಯ ಬಂದರು ಬಸರೂರು



ಕಟಕೋಳದಿಂದ ಸಮುದ್ರ ಬಹಳ ದೂರ. ಈ ಸೀಮೆಯಲ್ಲಿ ಶಿವಾಜಿಯ ಹೆಸರೆತ್ತಿದರೆ ಬೆಳವಡಿ ಮಲ್ಲಮ್ಮನ ಕಥೆ ನೆನಪಾಗುತ್ತದೆ. ಕಣ್ಣ ಮುಂದೆ ಬರುವುದು ಕುದುರೆಯ ದಂಡು. ಆದರೆ ಅದೇ ಶಿವಾಜಿ 1665ರ ಫೆಬ್ರವರಿಯಲ್ಲಿ ಮೂರು ದೊಡ್ಡ ಹಡಗು, 85 ಸಣ್ಣ ಹಡಗುಗಳೊಡನೆ ಕಡಲ ದಾರಿಯಿಂದ ಕನ್ನಡ ನಾಡಿಗೆ ಬಂದಿದ್ದ. ಬಂದು ಕೊಳ್ಳೆ ಹೊಡೆದದ್ದು ಬಸರೂರೆಂಬ ಪುಟ್ಟ ಪಟ್ಟಣವನ್ನು. ಅಲ್ಲಿ ಅಂಥದ್ದೇನಿತ್ತು?

ಬಸರೂರು ಕುಂದಾಪುರದಿಂದ ಐದಾರು ಕಿಲೋಮೀಟರ್ ಒಳಗೆ, ವಾರಾಹಿ ನದಿಯ ದಂಡೆಯಲ್ಲಿದೆ. ಒಳನಾಡಿನ ಭತ್ತ ದೋಣಿಯಲ್ಲಿ ನದಿಗುಂಟ ಇಳಿಯುತ್ತಿತ್ತು. ಕಡಲ ಹಡಗು ಅಳಿವೆಯಲ್ಲಿ ಕಾಯುತ್ತಿತ್ತು. ಒಂದನೇ ಶತಮಾನದ ಗ್ರೀಕ್ ಗ್ರಂಥ ‘ಪೆರಿಪ್ಲಸ್’ ವರ್ಣಿಸುವಂತೆ ವಿದೇಶಿ ನಾವಿಕರು ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು ಮೆಣಸಿಗಾಗಿ. ಬಸರೂರಿನ ಹಿರಿಮೆಯಾದರೋ ಅಕ್ಕಿಯಿಂದ ಬಂದದ್ದು. ಮೆಣಸು, ತೆಂಗು ಬೆಳೆದ ಮಲಬಾರಿಗೆ ಊಟದ ಅಕ್ಕಿ ಸಾಲುತ್ತಿರಲಿಲ್ಲ. ಪರ್ಷಿಯಾ ಕೊಲ್ಲಿಯ ಹೊರ್ಮುಜ್ ಬರಡು ದ್ವೀಪ. ಹದಿನಾರನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ, ಬಾರಕೂರು ಬಸರೂರುಗಳಲ್ಲಿ ಹಡಗುಗಳು ಅಕ್ಕಿ ತುಂಬಿಕೊಳ್ಳುವುದನ್ನು ಬರೆದಿಟ್ಟಿದ್ದಾನೆ.

ವಿಜಯನಗರದ ಆಳ್ವಿಕೆಯಲ್ಲೂ ಊರಿನ ವ್ಯವಹಾರ ವರ್ತಕರ ಕೈಯಲ್ಲಿತ್ತು. ಪಡುವಕೇರಿ, ಮೂಡುಕೇರಿಗಳ ಸೆಟ್ಟಿಕಾರರು, ಹಲರು ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುತ್ತಾರೆ. ದೇವಸ್ಥಾನಕ್ಕೆ ದತ್ತಿ ಬಿಡುವಾಗಲೂ ಅವರ ಮಾತಿಗೆ ಬೆಲೆಯಿತ್ತು.

ಈ ಸ್ವಾತಂತ್ರ್ಯಕ್ಕೆ ಕುತ್ತು ತಂದದ್ದು ಅದೇ ಅಕ್ಕಿ. ಗೋವೆಯ ಪೋರ್ಚುಗೀಸರು ಫಿರಂಗಿಗಳಿಂದ ಕಡಲನ್ನಾಳಬಲ್ಲವರಾಗಿದ್ದರು, ಆದರೆ ತಮ್ಮ ಅನ್ನಕ್ಕೆ ಕೆನರಾ ಕರಾವಳಿಯನ್ನೇ ನೆಚ್ಚಬೇಕಾಗಿತ್ತು. ಆದ್ದರಿಂದ ಬಸರೂರಿನಿಂದ ಕಪ್ಪವನ್ನೂ ಅಕ್ಕಿಯ ರೂಪದಲ್ಲೇ ಪಡೆದರು. ಅಷ್ಟಕ್ಕೂ ತೃಪ್ತರಾಗದೆ 1569ರಲ್ಲಿ ನದಿಯ ಕೆಳಭಾಗದಲ್ಲಿ ಕೋಟೆ ಕಟ್ಟಿದರು. ಅಳಿವೆಯನ್ನು ಹಿಡಿದವನಿಗೆ ಪೇಟೆಯನ್ನು ಹಿಡಿಯುವ ಅಗತ್ಯವೇ ಇರಲಿಲ್ಲ. ಹಡಗು ಹೊರಡಬೇಕಾದರೆ ಅವನ ಅಪ್ಪಣೆ ಬೇಕು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಹೊರಗಟ್ಟಿದ. ಆಗಲೂ ವರ್ತಕರಿಗೆ ಹಳೆಯ ಸ್ವಾತಂತ್ರ್ಯ ಮರಳಲಿಲ್ಲ, ಒಡೆಯ ಬದಲಾದನಷ್ಟೆ. ಹತ್ತು ಹನ್ನೆರಡು ವರ್ಷದಲ್ಲಿ ಶಿವಾಜಿಯ ಹಡಗುಗಳು ಬಂದವು.

ಇಂದು ಬಸರೂರು ದೇವಸ್ಥಾನಗಳ ಶಾಂತವಾದ ಹಳ್ಳಿ. ಪೇಟೆಯ ಗದ್ದಲ ಕುಂದಾಪುರಕ್ಕೆ, ಮೀನುದೋಣಿಗಳ ಸಾಲು ಗಂಗೊಳ್ಳಿಗೆ ಹೋಗಿದೆ. ನಮ್ಮ ಇತಿಹಾಸ ಪುಸ್ತಕಗಳು ಈ ಊರಿನ ಮೇಲೆ ಬಿದ್ದ ದೊರೆಗಳ ಹೆಸರನ್ನು ಹೇಳುತ್ತವೆ. ಅವರೆಲ್ಲ ಬಂದದ್ದು ಯಾರ ದುಡಿಮೆಗಾಗಿ ಎಂಬುದು ಗೊತ್ತಾಗಬೇಕಾದರೆ ಗದ್ದೆಯಲ್ಲಿ ಭತ್ತ ಬೆಳೆದವರನ್ನೂ ಅದನ್ನು ದೋಣಿಗೆ ಹೊತ್ತು ಹಾಕಿದವರನ್ನೂ ನೆನೆಯಬೇಕು.