‘ಊಟ ಆತು’ ಅನ್ನೋ ಸುಳ್ಳು

(ಚಚಡಿಯಲ್ಲಿ ಹಾಸ್ಟೆಲ್ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳು)



ಸಭೆಯಲ್ಲಿ ಎದ್ದು ನಿಂತವರು ದೊಡ್ಡ ಮಾತು ಆಡಬೇಕು ಅಂತ ಒಂದು ರೂಢಿ ಐತಿ. ನಾವು ಇವತ್ತು ಬ್ಯಾಳಿ, ಎಣ್ಣಿ, ತತ್ತಿ, ಉಪ್ಪು ಇವುಗಳ ಮಾತು ಆಡಾಕ ಬಂದೀವಿ. ಕವಿತೆ ಓದ್ತಾರ ಅಂತ ಕುಂತವರು ಸಿಟ್ಟು ಮಾಡಬ್ಯಾಡ್ರಿ. ಒಂದು ತಿಂಗಳು, ಒಬ್ಬರಿಗೆ 1000 ರೂಪಾಯಿಯೊಳಗೆ ನಾವು ಹೆಂಗ ಉಂಡೆವು ಅನ್ನೋದನ್ನ ಬಿಡಿಸಿ ಹೇಳುತ್ತೇವೆ. ಇವತ್ತಲ್ಲ ನಾಳೆ ನಿಮಗೂ ಈ ಲೆಕ್ಕ ಬೇಕಾಗುತ್ತದೆ.

ನಾವು ಅಂದರೆ ನಾಲ್ಕು ಮಂದಿ. ಇದೇ ಚಚಡಿ ಮತ್ತು ಆಸುಪಾಸಿನ ಹಳ್ಳಿಯವರು. ನಾಲ್ವರೂ ಬಿ.ಎ. ಮಾಡಿದವರು, ನಾಲ್ವರೂ ಹಾಸ್ಟೆಲ್ ಅನ್ನ ಉಂಡು ಬೆಳೆದವರು. ನೀರಿನಂಥ ಸಾರಿಗೆ ಬೈದೀವಿ, ತಾಟು ಬಡಿದು ಧರಣಿ ಕುಂತೀವಿ. ಅದು ಸರಿಯಾಗೇ ಇತ್ತು. ಆದರೆ ಡಿಗ್ರಿ ಮುಗಿದ ಮರುದಿನ ಆ ತಾಟೂ ನಮ್ಮದಲ್ಲ ಅಂತ ತಿಳೀತು. ಕಾಲೇಜಿನ ಹೆಸರು ಇದ್ದರೆ ಹಾಸ್ಟೆಲ್, ಹೆಸರು ತೆಗೆದರೆ ಬೀದಿ.

ನೌಕರಿ ಪರೀಕ್ಷೆಗೆ ಓದಬೇಕು ಅಂತ ಧಾರವಾಡಕ್ಕೆ ಹೋದೆವು. ಸಪ್ತಾಪುರದ ಕಡೆ ಒಮ್ಮೆ ಹೋಗಿ ನೋಡ್ರಿ. ಕೋಚಿಂಗ್ ಕ್ಲಾಸು, ರೊಕ್ಕ ಕೊಟ್ಟು ಕುಂತು ಓದುವ ಲೈಬ್ರರಿ, ಹಳೇ ಪ್ರಶ್ನೆಪತ್ರಿಕೆ ಮಾರುವ ಅಂಗಡಿ. ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಯ ಹುಡುಗರು ಅಲ್ಲಿ ಪುಸ್ತಕ ಹಿಡಿದು ತಿರುಗುತ್ತಾರೆ. ಅವರ ಕೈಯಾಗಿನ ಪುಸ್ತಕ ಎಲ್ಲರಿಗೂ ಕಾಣುತ್ತದೆ. ಹೊಟ್ಟೆ ಕಾಣುವುದಿಲ್ಲ.

2025ರ ಮೇ ತಿಂಗಳು. ನಾಲ್ವರೂ ಒಂದೇ ಖೋಲಿಯಲ್ಲಿದ್ದರೂ ಊಟ ಮಾತ್ರ ಅವರವರ ಪಾಡಿಗೆ. ರಾತ್ರಿ ಒಬ್ಬರನ್ನೊಬ್ಬರು ಕೇಳುತ್ತಿದ್ದೆವು, “ಊಟ ಆತೇನೋ?” “ಆತು.” ಅಷ್ಟೇ ಮಾತು. ಲೈಟು ತೆಗೆದು ಮಲಗುವುದು.

ಒಂದು ದಿನ ನಮ್ಮೊಳಗಿನ ಒಬ್ಬ ಲೈಬ್ರರಿಯ ಮೆಟ್ಟಿಲ ಮೇಲೆ ಬಿದ್ದ. ದವಾಖಾನೆಗೆ ಒಯ್ದೆವು. ಡಾಕ್ಟರು, “ಏನೇನು ತಿಂತೀಯಪಾ ದಿನಾ?” ಅಂದರು. ಅವ ತಲೆ ತಗ್ಗಿಸಿ ಹೇಳಿದ: ಮುಂಜಾನೆ ಚಹಾ, ಮಧ್ಯಾಹ್ನ ಚುರಮುರಿ, ರಾತ್ರಿ ಚಹಾ ಬಿಸ್ಕೀಟು. ಹತ್ತೊಂಬತ್ತು ದಿನದಿಂದ ಇದೇ. ಹತ್ತೊಂಬತ್ತು ರಾತ್ರಿ ನಮಗೆ “ಊಟ ಆತು” ಅಂದಿದ್ದ. ಊಟದ ರೊಕ್ಕ ತಂಗಿಯ ಕಾಲೇಜ್ ಫೀಗೆ ಹೋಗಿತ್ತು.

ಅವತ್ತು ರಾತ್ರಿ ಉಳಿದ ಮೂವರೂ ಬಾಯಿ ಬಿಟ್ಟೆವು. ಒಬ್ಬ ಒಂದೇ ಹೊತ್ತು ಉಣ್ಣುತ್ತಿದ್ದ. ಒಬ್ಬ ಪರಿಚಯದವರ ಮದುವಿ, ಕುಬಸ ಹುಡುಕಿಕೊಂಡು ಹೋಗುತ್ತಿದ್ದ. ಇನ್ನೊಬ್ಬ ನೀರು ಕುಡಿದು ಮಲಗುತ್ತಿದ್ದ. ನಾಲ್ವರೂ ಸುಳ್ಳರು. ಬಿದ್ದವ ಹಾಸಿಗಿ ಸುತ್ತಿ, “ಊರಿಗೆ ಹೊಕ್ಕೀನಿ, ಕಬ್ಬ ಕಡಿಯಾಕ. ನಮ್ಮಂಥಾವರಿಗೆ ಓದು ಅಲ್ಲಪಾ” ಅಂದ. ಅವನನ್ನ ತಡೆಯಬೇಕಾದರೆ ನಮ್ಮ ಹತ್ತಿರ ಭಾಷಣ ಇರಲಿಲ್ಲ. ಒಲಿ ಹಚ್ಚಬೇಕಾಯಿತು.

ಜೂನ್ ಒಂದನೇ ತಾರೀಖು ತಲಾ 1000 ರೂಪಾಯಿ ಹಾಕಿ 4000 ಮಾಡಿದೆವು. ಒಬ್ಬನಲ್ಲಿ ಪೂರಾ ಇರಲಿಲ್ಲ, ಉಳಿದವರು ತುಂಬಿದೆವು. ಖೋಲಿ ಬಾಡಿಗಿ, ಗ್ಯಾಸು ಬೇರೆ ಲೆಕ್ಕ. ಅಕ್ಕಿ ಕೊಳ್ಳಲಿಲ್ಲ. 2023ರ ಜುಲೈಯಿಂದ ಸರ್ಕಾರ ಹೆಚ್ಚಿನ ಐದು ಕಿಲೋ ಅಕ್ಕಿಯ ಬದಲು ಕಿಲೋಕ್ಕೆ 34ರಂತೆ ತಲೆಗೆ 170 ರೂಪಾಯಿ ಕೊಡುತ್ತಿತ್ತು. 2025ರ ಫೆಬ್ರುವರಿಯಿಂದ ಆ ರೊಕ್ಕದ ಜಾಗದಲ್ಲಿ ಅಕ್ಕಿಯನ್ನೇ ಕೊಟ್ಟಿತು, ತಲೆಗೆ ಒಟ್ಟು ಹತ್ತು ಕಿಲೋ. ನಮ್ಮ ನಮ್ಮ ಹೆಸರಿನ ಹತ್ತರಲ್ಲಿ ಐದು ಮನೆಯಲ್ಲಿ ಬಿಟ್ಟು ಐದು ತಂದೆವು. ನಾಲ್ವರದು ಕೂಡಿ 20 ಕಿಲೋ. ಉಳಿದದ್ದು ಹೀಗೆ, ಆ ತಿಂಗಳು ನಾವು ಕೊಟ್ಟ ಬೆಲೆಯಲ್ಲಿ:

ಜ್ವಾಳ 20 ಕಿಲೋ – 800
ಗಿರಣಿ – 100
ತೊಗರಿಬ್ಯಾಳಿ 3 ಕಿಲೋ – 360
ಮಡಕಿಕಾಳು 3 ಕಿಲೋ – 300
ಹುರುಳಿ 2 ಕಿಲೋ – 160
ಶೇಂಗಾ 3 ಕಿಲೋ – 360
ಎಣ್ಣಿ 3 ಲೀಟರ್ – 420
ತತ್ತಿ 120 – 720
ನಾಲ್ಕು ಸಂತಿಯ ಕಾಯಿಪಲ್ಯ, ಉಳ್ಳಾಗಡ್ಡಿ – 520
ಉಪ್ಪು, ಹುಣಸಿ, ಬಳ್ಳೊಳ್ಳಿ, ಒಗ್ಗರಣಿ ಸಾಮಾನು – 110
ಸಕ್ರಿ ಒಂದು ಕಿಲೋ, ಚಹಾಪುಡಿ – 105

ಒಟ್ಟು 3955. ಉಳಿದದ್ದು 45. ಖಾರಪುಡಿ ಅವ್ವ ಕೊಟ್ಟದ್ದು. ಅದಕ್ಕೆ ನಾವು ಬೆಲೆ ಕಟ್ಟಿಲ್ಲ, ಕಟ್ಟಬೇಕಿತ್ತು.

ಒಬ್ಬನಿಗೆ ದಿನಕ್ಕೆ 33 ರೂಪಾಯಿ ಬಿತ್ತು. ಈ ಅಂಕಿ ಎಲ್ಲೋ ಕೇಳಿದಂಗ ಐತಲ್ಲ ಅನಿಸಿತು. 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಬರೆದು ಕೊಟ್ಟಿತ್ತು: ಪಟ್ಟಣದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡುವವ ಬಡವ ಅಲ್ಲ. ಅದರೊಳಗೆ ಊಟ, ಬಾಡಿಗಿ, ಬಟ್ಟಿ, ಔಷಧ ಎಲ್ಲಾ ಬಂತು. ಬರೆದವರು ಒಂದು ತಿಂಗಳು ಹಂಗ ಉಂಡು ನೋಡಿ ಬರೆದಿದ್ದರೆ ಎಷ್ಟು ಚೆನ್ನಾಗಿತ್ತು.

ಈಗ ಮುಖ್ಯ ಮಾತು. ಹೊಟ್ಟೆ ತುಂಬುವುದು ಬೇರೆ, ಮೈಗೆ ಊಟ ಆಗುವುದು ಬೇರೆ. ಬರೀ ಅನ್ನ, ತಿಳಿಸಾರು, ಚಹಾದಿಂದ ಹೊಟ್ಟೆ ತುಂಬಿಸಬಹುದು. ಎರಡು ತಾಸಿಗೆ ಕಣ್ಣು ಎಳೆಯುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ. ಆಗ ನಮ್ಮನ್ನ ನಾವೇ ದಡ್ಡರು ಅಂದುಕೊಳ್ಳುತ್ತೇವೆ. ಈ ಮಂದಿಗೆ ತಲಿ ಇಲ್ಲ ಅಂತ ಹೇಳುವವರು ಮೊದಲೇ ಇದ್ದಾರೆ, ಅವರ ಮಾತನ್ನ ನಾವೂ ನಂಬಿಬಿಡುತ್ತೇವೆ. ತಲಿ ಐತಿ. ಅದಕ್ಕ ಕೂಳು ಬಿದ್ದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2020ರಲ್ಲಿ ಹೇಳಿದ ಲೆಕ್ಕದಂತೆ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಪ್ರೋಟೀನು ಬೇಕು. 55 ಕಿಲೋ ತೂಕದ ಹೆಂಗಸಿಗೆ ಸುಮಾರು 46. ನಮ್ಮ ಸಾಮಾನನ್ನ ದಿನಕ್ಕೆ, ತಲೆಗೆ ಭಾಗಿಸಿ ನೋಡಿದೆವು. ಅಕ್ಕಿಯಿಂದ 13 ಗ್ರಾಂ, ಜ್ವಾಳದಿಂದ 16, ಬ್ಯಾಳಿ ಕಾಳುಗಳಿಂದ 14, ಶೇಂಗಾದಿಂದ 6, ಒಂದು ತತ್ತಿಯಿಂದ 6. ಕೂಡಿಸಿದರೆ 55. ಗಡಿ ದಾಟಿದೆವು! ಇದರಲ್ಲಿ ಜ್ವಾಳ ಎಷ್ಟು ಕೊಟ್ಟಿತು ನೋಡ್ರಿ. ಹಳ್ಳಿ ಊಟ ಅಂತ ನಾವು ನಾಚಿಕೊಳ್ಳುವ ರೊಟ್ಟಿ, ಹೋಟೆಲಿನ ಬಿಳಿ ಅನ್ನಕ್ಕಿಂತ ಮುಂದೈತಿ.

ಆದರೆ ಸುಳ್ಳು ಹೇಳುವುದಿಲ್ಲ. ಕುಂತು ಓದುವ ಗಂಡಸಿಗೂ ದಿನಕ್ಕೆ 2110 ಕ್ಯಾಲೊರಿ ಶಕ್ತಿ ಬೇಕು ಅಂತ ಅದೇ ಸಂಸ್ಥೆಯವರ ಲೆಕ್ಕ. ನಮ್ಮದು 1900ರ ಹತ್ತಿರ ನಿಂತಿತು. ದಿನಾ ಇನ್ನೊಂದು ಹಿಡಿ, 40 ಗ್ರಾಂ ಶೇಂಗಾ ಸಿಕ್ಕಿದ್ದರೆ ಸರಿ ಹೋಗುತ್ತಿತ್ತು. ಅದಕ್ಕೆ ತಿಂಗಳಿಗೆ ತಲಾ 144 ರೂಪಾಯಿ ಬೇಕು. ನಾವು ಎಷ್ಟು ಜಾಣತನದಿಂದ ಕೊಂಡರೂ ಆ 144 ರೂಪಾಯಿ ಜಾಣತನದಿಂದ ಹುಟ್ಟಲಿಲ್ಲ. ಹೊಂದಿಸಿಕೊಂಡು ಬಾಳುವುದನ್ನ ಕಲಿರಿ ಅಂತ ಬಡವರಿಗೆ ಪಾಠ ಹೇಳುವವರಿಗೆ ಈ ಲೆಕ್ಕ ತೋರಿಸಬೇಕು.

ನಾವು ಕಲಿತದ್ದನ್ನ ಒಂದೊಂದೇ ಹೇಳುತ್ತೇವೆ, ಬರಕೊಳ್ಳಿರಿ.

ತಿಂಗಳ ಮೊದಲ ದಿನವೇ ಕಾಳು, ಎಣ್ಣಿ, ಜ್ವಾಳ ತಂದು ಇಡ್ರಿ. ತತ್ತಿಯ ರೊಕ್ಕ ಬೇರೆ ಕಟ್ಟಿಡ್ರಿ, ಮೂವತ್ತರ ಟ್ರೇ ವಾರಕ್ಕೊಂದು ತರ್ರಿ. ಕೈಯಾಗ ಬಿಡಿ ರೊಕ್ಕ ಇದ್ದರೆ ಅದು ಚಹಾದಂಗಡಿಗೆ ಹೋಗುತ್ತದೆ. ಉದ್ರಿ ಬ್ಯಾಡ. ಉದ್ರಿ ತರುವವ ಬೆಲೆ ಕೇಳುವುದಿಲ್ಲ, ತೂಕ ನೋಡುವುದಿಲ್ಲ.

ಸಂತಿಗೆ ಸಂಜಿಮುಂದ ಹೋಗ್ರಿ. ಗಂಟು ಕಟ್ಟುವ ಹೊತ್ತಿಗೆ ಮೆಂತ್ಯೆ, ರಾಜಗಿರಿ, ಪುಂಡಿಪಲ್ಯ ಅರ್ಧ ಬೆಲೆಗೆ ಬರುತ್ತವೆ. ಆದರೆ ಸಿವುಡು ಮಾರುವ ಮುದುಕಿಯ ಹತ್ತಿರ ಒಂದು ರೂಪಾಯಿಗೆ ಜಗ್ಗಾಡಬ್ಯಾಡ್ರಿ. ಆಕಿ ನಮ್ಮ ಅವ್ವನಂಥಾಕಿ.

ಮಡಕಿ, ಹುರುಳಿ ರಾತ್ರಿ ನೆನೆ ಹಾಕಿ, ಬಟ್ಟಿಯಲ್ಲಿ ಕಟ್ಟಿ ಮೊಳಕೆ ಬರಿಸಿರಿ. ಹುರುಳಿ ಬೇಯಿಸಿದ ಕಟ್ಟು ಚೆಲ್ಲಬ್ಯಾಡ್ರಿ, ಅದೇ ಸಾರು. ಅನ್ನದ ಗಂಜಿ ಚೆಲ್ಲಬ್ಯಾಡ್ರಿ, ಉಪ್ಪು ಹಾಕಿ ಕುಡಿರಿ. ಶೇಂಗಾ ಹುರಿದು ಖಾರಪುಡಿ, ಬಳ್ಳೊಳ್ಳಿ ಹಾಕಿ ಕುಟ್ಟಿ ಇಟ್ಟರೆ ಪಲ್ಯ ಇಲ್ಲದ ದಿನವೂ ರೊಟ್ಟಿ ಇಳಿಯುತ್ತದೆ.

ತಂಗಿಯರೇ, ನಿಮಗ ಬ್ಯಾರೆ ಹೇಳಬೇಕು. ಮನೆಯಲ್ಲಿ ಎಲ್ಲರದಾದ ಮೇಲೆ ಉಣ್ಣುವ ರೂಢಿಯನ್ನ ಹಾಸ್ಟೆಲಿಗೂ ತರಬ್ಯಾಡ್ರಿ. ರಕ್ತ ಕಡಿಮೆ ಇದ್ದವರು ಕಾಳು ಸೊಪ್ಪಿನ ಮೇಲೆ ಲಿಂಬಿಹಣ್ಣು ಹಿಂಡಿಕೊಳ್ಳಿರಿ, ಅದರೊಳಗಿನ ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ. ಊಟ ಆದ ಕೂಡಲೇ ಚಹಾ ಕುಡಿದರೆ ಹತ್ತುವುದಿಲ್ಲ.

ರೊಟ್ಟಿ ಬಡಿಯುವುದು ಹೆಣ್ಣಮಕ್ಕಳ ಕೆಲಸ ಅಂದುಕೊಂಡಿದ್ದ ನಾವು ನಾಲ್ಕು ಗಂಡಸರು ಜೂನ್ ತಿಂಗಳಲ್ಲಿ ಕೈ ಸುಟ್ಟುಕೊಂಡೆವು. ಮೊದಲ ವಾರ ಹಿಟ್ಟು ಕೈಗೆ ಅಂಟಿತು, ರೊಟ್ಟಿ ಹರಿಯಿತು. ಜೋರು ಕುದಿಯುವ ನೀರು ಹಾಕಿ ನಾದಬೇಕು ಅಂತ ಅವ್ವ ಫೋನಿನಲ್ಲಿ ಹೇಳಿಕೊಟ್ಟಳು. ದಿನಾ ಇಷ್ಟು ಮಂದಿಗೆ ಬಡಿಯುವ ಆಕಿಯನ್ನ ಇಷ್ಟು ವರ್ಷ ‘ಏನೂ ಬಾರದಾಕಿ’ ಅಂದುಕೊಂಡಿದ್ದೆವಲ್ಲ, ನಾಚಿಕಿ ಬಂತು.

ಇನ್ನು ತತ್ತಿಯ ಕಥಿ. ಖೋಲಿ ಕೊಡುವಾಗಲೇ ಮಾಲಕರು, “ಮೊಟ್ಟಿ, ಮಾಂಸ ನಡಿಯೂದಿಲ್ಲ” ಅಂದಿದ್ದರು. ಜಾತಿ ಕೇಳಲಿಲ್ಲ. ಅಡಿಗಿ ಕೇಳಿ ಜಾತಿ ತಿಳಕೊಳ್ಳುವುದು ಪಟ್ಟಣದ ರೀತಿ. ನಾವು ರಾತ್ರಿ ಬಾಗಿಲು ಹಾಕಿಕೊಂಡು ತತ್ತಿ ಕುದಿಸಿದೆವು. ಸಿಪ್ಪಿ ಪೇಪರಿನಲ್ಲಿ ಸುತ್ತಿ, ಪುಸ್ತಕದ ಚೀಲದಲ್ಲಿ ಹಾಕಿಕೊಂಡು ಹೋಗಿ, ಬಸ್‌ಸ್ಟ್ಯಾಂಡಿನ ಹತ್ತಿರ ಚೆಲ್ಲಿ ಬಂದೆವು. ಕದ್ದ ಮಾಲಿನಂಗ! ಆರು ರೂಪಾಯಿಗೆ ಆರು ಗ್ರಾಂ ಪ್ರೋಟೀನು ಕೊಡುವ ತತ್ತಿಯನ್ನ ಕಳ್ಳರಂತೆ ತಿನ್ನಬೇಕಾದ ಊರಿನಲ್ಲಿ ನಾವು ಸಂವಿಧಾನದ ಕಲಮುಗಳನ್ನ ಬಾಯಿಪಾಠ ಮಾಡುತ್ತಿದ್ದೆವು.

2021ರ ಡಿಸೆಂಬರಿನಲ್ಲಿ ರಾಜ್ಯದ ಏಳು ಜಿಲ್ಲೆಗಳ ಶಾಲಿ ಮಕ್ಕಳಿಗೆ ಬಿಸಿಯೂಟದ ಜೊತೆ ತತ್ತಿ ಕೊಡಾಕ ಶುರು ಮಾಡಿದಾಗ ಕೆಲವು ಮಠಾಧೀಶರು ಬ್ಯಾಡ ಅಂದರು. ಆಗ ಗಂಗಾವತಿಯ ಒಬ್ಬ ಶಾಲಿ ಹುಡುಗಿ ಹೆದರದೆ, ನಮಗ ತತ್ತಿ ಬೇಕು ಅಂತ ಕೇಳಿದಳು. ಆ ಮಾತು ನಾಡಿನ ತುಂಬ ಕೇಳಿಸಿತು. 2022ರಲ್ಲಿ ಉಳಿದ ಜಿಲ್ಲೆಗಳ ಮಕ್ಕಳ ತಾಟಿಗೂ ತತ್ತಿ ಬಂತು. ಬಡವರ ಇನ್ನೊಂದು ಅಗ್ಗದ ಊಟ ದನದ ಖಂಡ. 2021ರ ಜನವರಿಯಿಂದ ಜಾರಿಗೆ ಬಂದ ಕಾಯ್ದೆ ಅದನ್ನ ತಾಟಿನಿಂದ ಕಸಿಯಿತು. ಕಸಿದವರು ಅದರ ಬದಲು ಒಂದು ಹಿಡಿ ಬ್ಯಾಳಿಯನ್ನೂ ಇಡಲಿಲ್ಲ.

ಹಸಿವಿನ ಬಗ್ಗೆ ಇನ್ನೊಂದು ಮಾತು. ನಮ್ಮ ಸಭೆಗಳಲ್ಲಿ ಬಾಬಾಸಾಹೇಬರ ಹಪ್ಪಳದ ಕಥಿ ಹೇಳುತ್ತೇವೆ. 1920ರಲ್ಲಿ ಎರಡನೇ ಸಲ ಲಂಡನ್ನಿಗೆ ಹೋದಾಗ ಅವರು ಅರೆಹೊಟ್ಟೆ ಉಂಡು ಓದಿದರು, ನಡುರಾತ್ರಿಯ ಹಸಿವಿಗೆ ಹಪ್ಪಳ ತಿಂದರು. ನಿಜ. ಈ ಕಥಿ ಕೇಳಿ ಉಪವಾಸವನ್ನೇ ದೊಡ್ಡ ಸಾಧನೆ ಅಂದುಕೊಂಡವರಲ್ಲಿ ನಾವೂ ಇದ್ದೆವು. ಕಥಿಯ ಮುಂದಿನ ಭಾಗವನ್ನ ಯಾಕ ಹೇಳುವುದಿಲ್ಲ? ತಿರುಗಿ ಬಂದವರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಆ ಸಭೆ 1925ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆಯಿತು. ಅದೇ ವರ್ಷ ಏಪ್ರಿಲಿನಲ್ಲಿ ನಮ್ಮ ಜಿಲ್ಲೆಯ ನಿಪ್ಪಾಣಿಗೆ ಬಂದು ಮಾತಾಡಿದರು. 1928ರಲ್ಲಿ ದಲಿತ ವರ್ಗಗಳ ಶಿಕ್ಷಣ ಸಂಸ್ಥೆ ಕಟ್ಟಿದರು. ಆ ಸಂಸ್ಥೆಯ ಹಾಸ್ಟೆಲುಗಳು ನಡೆದ ಊರುಗಳಲ್ಲಿ ನಮ್ಮ ಧಾರವಾಡವೂ ಒಂದು. ತಾವು ಹಪ್ಪಳ ತಿಂದವರು ಮುಂದಿನವರಿಗೆ ಹಪ್ಪಳ ತಿನ್ನಿರಿ ಅನ್ನಲಿಲ್ಲ. ಅನ್ನದ ಮನೆ ಕಟ್ಟಿದರು.

ಅದಕ್ಕೆ ನಿಮ್ಮಲ್ಲಿ ಕೇಳುವುದು ಇಷ್ಟೇ. ಹಾಸ್ಟೆಲಿನಲ್ಲಿ ಇರುವವರು ತಾಟಿನ ಲೆಕ್ಕ ಕೇಳ್ರಿ. ವಾರದ ಊಟದ ಪಟ್ಟಿ ಗೋಡೆ ಮೇಲೆ ಇರಲಿ, ಬಂದ ಬ್ಯಾಳಿ ಎಷ್ಟು, ಬೆಂದದ್ದು ಎಷ್ಟು, ನಿಮ್ಮೊಳಗಿನ ಇಬ್ಬರು ದಿನಾ ನೋಡಲಿ. ಡಿಗ್ರಿ ಮುಗಿಸಿ ಹೋಗುವವರು ಒಂಟಿಯಾಗಿ ಹೋಗಬ್ಯಾಡ್ರಿ, ನಾಲ್ಕು ಮಂದಿ ಕೂಡಿ ಒಂದು ಒಲಿ ಹೂಡಿರಿ. ಪರೀಕ್ಷೆಗೆ ಓದುವ ನಮ್ಮಂಥವರಿಗೂ ಊಟ ವಸತಿ ಬೇಕು ಅಂತ ಸರ್ಕಾರವನ್ನ ಕೇಳುವ ಅರ್ಜಿಗೆ ಸಹಿ ಹಾಕಿರಿ. ಅರ್ಜಿಯ ಕೆಳಗೆ ನಮ್ಮ ಈ ಲೆಕ್ಕವನ್ನೂ ಬರೀರಿ, ಆ 144 ರೂಪಾಯಿ ಸಮೇತ.

ಅವತ್ತು ಹಾಸಿಗಿ ಸುತ್ತಿದವ ಊರಿಗೆ ಹೋಗಲಿಲ್ಲ. ಇನ್ನೂ ಓದುತ್ತಿದ್ದಾನೆ. ನೌಕರಿ ಸಿಕ್ಕಿಲ್ಲ. ರೊಟ್ಟಿ ಮಾತ್ರ ನಮ್ಮೆಲ್ಲರಿಗಿಂತ ತೆಳ್ಳಗೆ ಬಡಿಯುತ್ತಾನೆ. ಈಗ ನಮ್ಮ ಖೋಲಿಯಲ್ಲಿ ಒಂದು ಕಾಯ್ದೆ ಐತಿ: “ಊಟ ಆತು” ಅಂತ ಬಾಯಿಮಾತಿನಲ್ಲಿ ಹೇಳುವಂಗಿಲ್ಲ, ಉಂಡ ತಾಟು ತೋರಿಸಬೇಕು.

ಇವತ್ತು ರಾತ್ರಿ ನಿಮ್ಮ ಪಕ್ಕದ ಹಾಸಿಗಿಯವರನ್ನ ಕೇಳ್ರಿ. ಆತು ಅಂದರೆ ಅಷ್ಟಕ್ಕೇ ಬಿಡಬ್ಯಾಡ್ರಿ. ಏನ ಉಂಡಿ ಅಂತ ಕೇಳ್ರಿ.

ಜೈ ಭೀಮ್.