ಮೆಕೆಂಜಿ ಸಂಗ್ರಹ ಮತ್ತು ನಾವು
(ಸೌಕಾರ್‌ಪೇಟೆಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ದೀಪಾವಳಿಯಂದು ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸುವ ವರ್ತಕರ ಈ ಪೇಟೆಯಲ್ಲಿ ಹಳೆಯ ಕಾಗದಗಳ ಕುರಿತು ಮಾತನಾಡುವುದು ಉಚಿತವೆಂದು ಭಾವಿಸಿದ್ದೇನೆ.

ಭಾರತದಲ್ಲಿ ಪುರಾತತ್ತ್ವ ಇಲಾಖೆ ಹುಟ್ಟಿದ್ದು 1861ರಲ್ಲಿ. ಅದಕ್ಕೂ ಅರ್ಧ ಶತಮಾನ ಮುಂಚೆಯೇ ಕಾಲಿನ್ ಮೆಕೆಂಜಿಯವರು, ಶ್ರೀರಂಗಪಟ್ಟಣ ಪತನಾನಂತರ ಮೈಸೂರು ಸೀಮೆಯ ಮೋಜಣಿ ನಡೆಸುತ್ತ, ಶಾಸನ, ನಾಣ್ಯ, ಓಲೆಗರಿಗಳನ್ನೂ ಊರೂರಿನ ಕೈಫಿಯತ್ತುಗಳನ್ನೂ ಕೂಡಿಹಾಕಿದರು. ಅವರು 1821ರಲ್ಲಿ ತೀರಿಕೊಂಡ ಮೇಲೆ ಕಂಪನಿ ಸರ್ಕಾರ ಅವರ ಪತ್ನಿಗೆ 1 ಲಕ್ಷ ರೂಪಾಯಿ ತೆತ್ತು ಸಂಗ್ರಹವನ್ನು ಕೊಂಡಿತು. ಎಚ್. ಎಚ್. ವಿಲ್ಸನ್ 1828ರಲ್ಲಿ ಪ್ರಕಟಿಸಿದ ಸೂಚಿಯಲ್ಲಿ ಶಾಸನಗಳ ಪ್ರತಿಗಳೇ 8,076.

ವಿಲ್ಸನ್ ಸಂಸ್ಕೃತ ವಿದ್ವಾಂಸರು. ದಕ್ಷಿಣದ ಭಾಷೆಗಳ ಮಟ್ಟಿಗೆ ಮೆಕೆಂಜಿಯ ಸಹಾಯಕರು ಮಾಡಿಟ್ಟ ಸಾರಾಂಶ, ಅನುವಾದಗಳೇ ಅವರಿಗೆ ಆಧಾರ. ಹಳಗನ್ನಡ ಶಾಸನಗಳನ್ನು ಓದಿಕೊಟ್ಟವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. 1816ರಲ್ಲಿ ಥಾಮಸ್ ಹಿಕಿ ರಚಿಸಿದ ಚಿತ್ರದಲ್ಲಿ ಮೆಕೆಂಜಿಯ ಬಳಿ ಓಲೆಗರಿ ಹಿಡಿದು ನಿಂತವರು ಇವರೇ ಎಂದು ಗುರುತಿಸುತ್ತಾರೆ, ಹಿನ್ನೆಲೆಯಲ್ಲಿ ಗೊಮ್ಮಟ. ಕೆಲಸವನ್ನು ತಾವು ಮುಂದುವರಿಸುವುದಾಗಿ ಇನ್ನೊಬ್ಬ ಸಹಾಯಕ ಕಾವಲಿ ವೆಂಕಟ ಲಕ್ಷ್ಮಯ್ಯನವರು ಅರ್ಜಿ ಸಲ್ಲಿಸಿದರು. ಇಂಥ ಹೊಣೆ ಹೊರಲು ದೇಶೀಯರು ತಕ್ಕವರಲ್ಲವೆಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ ಅದನ್ನು ತಳ್ಳಿಹಾಕಿತು. ಕಡತಗಳ ನಡುವೆಯೇ ಬಾಳು ಸವೆಸಿದ ನನಗೆ ಆ ಬಗೆಯ ಷರಾ ತೀರ ಅಪರಿಚಿತವೇನಲ್ಲ.

ದೇಶಭಾಷೆಗಳ ಪ್ರತಿಗಳು ಮುಂದೆ ಮದರಾಸಿಗೆ ಮರಳಿ, ಇಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದ ಮೂಲಧನವಾದವು. ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, 1994ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಹೊರತಂದರು. ದೊಡ್ಡ ಕೆಲಸ. ಆದರೆ ಮುದ್ರಣವಾಯಿತೆಂದು ಮೂಲದ ಹಂಗು ತೀರುವುದಿಲ್ಲ. ಯಾವ ಊರಿನದು, ಹೇಳಿದವರು ಯಾರು, ಬರೆದುಕೊಂಡವರು ಯಾರು, ಯಾವಾಗ—ಇಷ್ಟನ್ನೂ ಸೂಚಿಯಲ್ಲಿ ನಮೂದಿಸದಿದ್ದರೆ ಕಟ್ಟು ಕಪಾಟಿನಲ್ಲಿದ್ದೂ ಕಳೆದುಹೋದಂತೆ. ಓಲೆಗರಿಗೆ ಹುಳು ಹಿಡಿಯದಂತೆ ಎಣ್ಣೆ ಸವರಬಹುದು. ಮೋಡಿಯ ಬರಹವನ್ನು ಓದಬಲ್ಲ ಕಣ್ಣನ್ನು ಎಲ್ಲಿಂದ ತರುವುದು?

ಒಂದು ತಪ್ಪೊಪ್ಪಿಗೆ. ನನ್ನ ಅಜ್ಜ ಶಾನುಭೋಗರು. ಅವರ ಕಡತಗಳು, ಮಸಿ ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದವು, ಅಟ್ಟದ ಮೇಲೆ ಒಂದು ಪೆಟ್ಟಿಗೆ ತುಂಬ ಇದ್ದವು. ಓದುವವರಿಲ್ಲವೆಂದು ಒಂದು ಮಳೆಗಾಲದಲ್ಲಿ ಬಚ್ಚಲ ಒಲೆಗೆ ಹಾಕಿದೆವು. ಒಂದೊಂದಾಗಿ ಎತ್ತಿಕೊಟ್ಟವನು ನಾನೇ. ಸ್ನಾತಕೋತ್ತರ ಪದವಿ ಪಡೆದ ವರ್ಷವದು.

ಆದುದರಿಂದ ಸಂಘಕ್ಕೆ ನನ್ನದೊಂದು ವಿನಂತಿ. ಭಾನುವಾರಗಳಂದು ಎರಡು ಗಂಟೆ ಹಳೆಯ ಕೈಬರಹ ಓದುವ ತರಗತಿ ನಡೆಸೋಣ. ಮೊದಲ ವಿದ್ಯಾರ್ಥಿಯಾಗಿ ನನ್ನ ಹೆಸರನ್ನು ಬರೆದುಕೊಳ್ಳಿ.