ಮಣ್ಣು ಬದಲಾದಾಗ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಜಾತ್ರೆಗೆ ಬಂದಾಗಲೆಲ್ಲ "ಬೆಂಗಳೂರಲ್ಲಿ ಏನಪ್ಪ ಕೆಲಸ ನಿಂದು?" ಎಂದು ಕೇಳುತ್ತೀರಿ. "ಕಂಪ್ಯೂಟರ್ ಕೆಲಸ" ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಇವತ್ತು ಮೈಕು ಕೊಟ್ಟಿದ್ದೀರಿ, ಸರಿಯಾಗಿ ಹೇಳಿಬಿಡುತ್ತೇನೆ.

ನಾವು ಬರೆದ ಸೂಚನೆ ಕಂಪ್ಯೂಟರಿಗೆ ನೇರವಾಗಿ ತಿಳಿಯುವುದಿಲ್ಲ. ಅದನ್ನು ಓದಿ, ಅರ್ಥ ಮಾಡಿಕೊಂಡು, ಕೆಲಸ ಮಾಡಿಸುವ ಪ್ರೋಗ್ರಾಂ ಒಂದು ನಡುವೆ ಬೇಕು. ಅದೇ ಇಂಟರ್‌ಪ್ರಿಟರ್; ದುಭಾಷಿ ಎಂದುಕೊಳ್ಳಿ. ಈಗಿನ ಮಕ್ಕಳು ಕಲಿಯುವ ಪೈಥಾನ್ ಹಿಂದೆಯೂ ಇಂಥ ದುಭಾಷಿ ಇದೆ. 1990ರ ದಶಕದಲ್ಲಿ ನಾನಿದ್ದ ಕಂಪನಿಯು ವರದಿ ತಯಾರಿಸಲೆಂದು ತನ್ನದೇ ಒಂದು ಚಿಕ್ಕ ಭಾಷೆ ಮಾಡಿಕೊಂಡಿತ್ತು. ಅದರ ಇಂಟರ್‌ಪ್ರಿಟರ್ ಬೇರೆ ಬೇರೆ ಯುನಿಕ್ಸ್ ಯಂತ್ರಗಳಲ್ಲೂ ನಡೆಯುವಂತೆ ಮಾಡುವುದು ನನ್ನ ಕೆಲಸ. ಇದಕ್ಕೆ ಪೋರ್ಟಿಂಗ್ ಎನ್ನುತ್ತಾರೆ.

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. 1973ರಲ್ಲಿ ಅದನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದದ್ದರಿಂದ ಬೇರೆ ಯಂತ್ರಗಳಿಗೆ ಒಯ್ಯುವುದು ಸುಲಭವಾಯಿತು. ಮುಂದೆ ಸನ್, ಎಚ್‌ಪಿ, ಐಬಿಎಂ ಎಲ್ಲರೂ ತಮ್ಮ ತಮ್ಮ ಯುನಿಕ್ಸ್ ಮಾಡಿಕೊಂಡರು. ಕುಲ ಒಂದೇ, ನಡವಳಿಕೆ ಬೇರೆ. ನಂಜನಗೂಡಿನ ರಸಬಾಳೆಯ ಕಂದನ್ನು ಬೇರೆ ಸೀಮೆಯಲ್ಲಿ ನೆಟ್ಟರೆ ಗಿಡವೇನೋ ಬರುತ್ತದೆ, ಆ ರುಚಿ ಬರುವುದಿಲ್ಲ ಎನ್ನುತ್ತಾರಲ್ಲ, ಹಾಗೆ.

ಒಂದು ಉದಾಹರಣೆ ಕೊಡುತ್ತೇನೆ. ಕನ್ನಡದಲ್ಲಿ "ಇಪ್ಪತ್ತೊಂದು" ಎನ್ನುವಾಗ ಇಪ್ಪತ್ತು ಮೊದಲು, ಒಂದು ಆಮೇಲೆ. ಸಂಸ್ಕೃತದ "ಏಕವಿಂಶತಿ"ಯಲ್ಲಿ ಒಂದು ಮೊದಲು. ಸಂಖ್ಯೆ ಒಂದೇ, ಜೋಡಿಸುವ ಕ್ರಮ ಬೇರೆ. ಸನ್‌ನ ಸ್ಪಾರ್ಕ್ ಯಂತ್ರವೂ ಇಂಟೆಲ್ ಯಂತ್ರವೂ ದೊಡ್ಡ ಸಂಖ್ಯೆಯ ತುಂಡುಗಳನ್ನು ಹೀಗೆಯೇ ಹಿಂದುಮುಂದಾಗಿ ಇಡುತ್ತಿದ್ದವು. ಅಲ್ಲಿ ಉಳಿಸಿದ ಫೈಲನ್ನು ಇಲ್ಲಿ ಹಾಗೆಯೇ ಓದಿದರೆ ಲೆಕ್ಕವೆಲ್ಲ ತಲೆಕೆಳಗು.

ನಾನು ಎಡವಿದ್ದು ಇನ್ನೂ ಸಣ್ಣ ಜಾಗದಲ್ಲಿ. ಸನ್ ಯಂತ್ರದಲ್ಲಿ ಎಲ್ಲ ಪರೀಕ್ಷೆಯೂ ಪಾಸಾಗಿತ್ತು. ಆ ಧೈರ್ಯದ ಮೇಲೆ ಗ್ರಾಹಕರ ಐಬಿಎಂ ಯಂತ್ರಕ್ಕೆ ಹಾಕಿ ಬಂದೆ. ರಾತ್ರಿ ಶುರುವಾದ ವರದಿ ಬೆಳಗಾದರೂ ಮುಗಿದಿರಲಿಲ್ಲ. "ನನ್ನದರಲ್ಲಿ ತಪ್ಪಿಲ್ಲ, ಯಂತ್ರದ್ದೇ ದೋಷ" ಎಂದು ವಾದಿಸಿದೆ. ಮೂರು ದಿನ ಹುಡುಕಿದ ಮೇಲೆ ಸಿಕ್ಕಿದ್ದು ನಾನೇ ಬರೆದ ಒಂದು ಸಾಲು. ಫೈಲು ಓದಿ ಮುಗಿದಾಗ ಅಲ್ಲಿ -1 ಎಂಬ ಗುರುತು ಬರುತ್ತದೆ. ಅದನ್ನು ನಾನು ಒಂದು ಅಕ್ಷರ ಹಿಡಿಯುವಷ್ಟೇ ಜಾಗದಲ್ಲಿ ಇಟ್ಟಿದ್ದೆ. ಸನ್‌ನಲ್ಲಿ ಆ ಜಾಗಕ್ಕೆ ಋಣಸಂಖ್ಯೆಯೂ ಹಿಡಿಸುತ್ತದೆ. ಐಬಿಎಂನ ಎಐಎಕ್ಸ್‌ನಲ್ಲಿ 0ಯಿಂದ 255ರವರೆಗೆ ಮಾತ್ರ. ಅಲ್ಲಿ -1 ಹೋಗಿ 255 ಆಯಿತು. ಮುಗಿಯಿತೆಂಬ ಗುರುತೇ ಸಿಗದೆ ಪ್ರೋಗ್ರಾಂ ಗಾಣದೆತ್ತಿನಂತೆ ಸುತ್ತುತ್ತಿತ್ತು. ಸಿ ಭಾಷೆಯ ನಿಯಮ ಎರಡು ಪದ್ಧತಿಗೂ ಒಪ್ಪಿಗೆ ಕೊಟ್ಟಿದೆ. ಯಂತ್ರದ ತಪ್ಪಲ್ಲ. ಕಂಡದ್ದೇ ಎಲ್ಲ ಕಡೆಯೂ ಇರುತ್ತದೆಂದು ನಂಬಿದ್ದು ನನ್ನ ತಪ್ಪು. ಒಂದು ಪದ ತಿದ್ದಿದೆ, ಸರಿಹೋಯಿತು.

ಆಮೇಲೆ ಲ್ಯಾರಿ ವಾಲ್ ಅವರ ಪರ್ಲ್ ಭಾಷೆಯನ್ನು ನೋಡಿ ಬುದ್ಧಿ ಕಲಿತೆ. 1987ರಲ್ಲಿ ಬಂದ ಅದರ ಜೊತೆಗೆ ಕಾನ್ಫಿಗರ್ ಎಂಬ ಕಡತವಿರುತ್ತದೆ. ಹೊಸ ಯಂತ್ರಕ್ಕೆ ಹೋದೊಡನೆ ಅದು ಪುಟ್ಟ ಪುಟ್ಟ ಪ್ರೋಗ್ರಾಂ ನಡೆಸಿ, "ನಿನ್ನಲ್ಲಿ ಸಂಖ್ಯೆಯ ಅಳತೆ ಎಷ್ಟು? ಯಾವ ಕ್ರಮ?" ಎಂದು ಮೊದಲೇ ವಿಚಾರಿಸುತ್ತದೆ. ಊಹಿಸುವುದಿಲ್ಲ, ಕೇಳಿ ತಿಳಿಯುತ್ತದೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ ಮೈಸೂರಿಗೆ ಪಿಯುಸಿಗೆ ಹೋದಾಗ, ತರಗತಿಯಲ್ಲಿ "ಇನರ್ಷಿಯಾ" ಎಂದರು. ನನಗೆ ಒಂದೂ ತಿಳಿಯಲಿಲ್ಲ. ನಾನು ದಡ್ಡನೆಂದುಕೊಂಡು ಊರಿಗೆ ವಾಪಸಾಗಲು ಪೆಟ್ಟಿಗೆ ಕಟ್ಟಿದ್ದೆ. ಅದು ನಮ್ಮ ವಿಜ್ಞಾನದ ಮೇಷ್ಟ್ರು "ಬಸ್ಸು ಬ್ರೇಕ್ ಹಾಕಿದರೆ ಮುಂದಕ್ಕೆ ವಾಲುತ್ತೀರಲ್ಲ" ಎಂದು ಕಲಿಸಿದ ಜಡತ್ವವೇ ಎಂದು ಗೆಳೆಯನೊಬ್ಬ ಹೇಳಿದ. ಕಲಿತದ್ದು ಗಟ್ಟಿಯಾಗಿಯೇ ಇತ್ತು; ಹೆಸರು ಮಾತ್ರ ಬದಲಾಗಿತ್ತು. ಆ ಒಂದು ಮಾತು ಸಿಗದೆ ಪೆಟ್ಟಿಗೆ ಹೊತ್ತು ಮರಳಿದವರೂ ನಮ್ಮ ಜೊತೆಯವರಲ್ಲಿ ಇದ್ದಾರೆ. ಅವರು ನನಗಿಂತ ಜಾಣರು.

ಮಕ್ಕಳೇ, ಹೊಸ ಜಾಗದಲ್ಲಿ ತಡವರಿಸಿದರೆ ನಿಮ್ಮನ್ನೂ ಹಳಿದುಕೊಳ್ಳಬೇಡಿ, ಆ ಜಾಗವನ್ನೂ ಹಳಿಯಬೇಡಿ. ಏನು ಬದಲಾಗಿದೆ ಎಂದು ಕೇಳಿ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಹತ್ತನೆಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಹತ್ತು ದಿನ, ಗಣಿತ ವಿಜ್ಞಾನದ ಕನ್ನಡ ಪದಗಳಿಗೆ ಇಂಗ್ಲಿಷಿನ ಜೋಡಿ ಪದಗಳನ್ನು ಇಲ್ಲಿಯೇ ಕಲಿಸೋಣ. ಮೊದಲ ಎರಡು ದಿನ ನಾನು ಬರುತ್ತೇನೆ. ಉಳಿದ ಎಂಟು ದಿನಕ್ಕೆ ಇವತ್ತೇ ಹೆಸರು ಕೊಡಿ.